ಪರದೆಯ ಮೇಲಿದ್ದದ್ದೆಲ್ಲ ಓದು

ಇತ್ತೀಚೆಗೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಯಾರಿಗಾದರೂ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಏನಾದರೂ ಓದಿ ಹೇಳಬೇಕಾಗಿ ಬಂದರೆ ಕಂಡದ್ದನ್ನೆಲ್ಲ ಓದುತ್ತೇನೆ. ಮೊನ್ನೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಮರೆತು ಬಂದು, ಸಿಲಿಂಡರ್ ಯಾವಾಗ ಬರುತ್ತದೆಂದು ಮೆಸೇಜ್ ಬಂದಿರಬೇಕು ನೋಡು ಎಂದು ಫೋನು ಚಾಚಿದರು. ನಾನು ಮೇಲಿನ ಅಂಚಿನಿಂದ ಶುರು ಮಾಡಿದೆ. ಸಮಯ ಇಷ್ಟು, ಚಾರ್ಜ್ ಅರ್ಧ, ಸಿಗ್ನಲ್ ಎರಡು ಗೆರೆ, ಪಕ್ಕದಲ್ಲಿ ಸಣ್ಣ ಗಂಟೆಯ ಚಿತ್ರ, ಅದರ ಮೇಲೊಂದು ಅಡ್ಡಗೆರೆ...

"ಸಿಲಿಂಡರ್ ಎಲ್ಲಿ ಬಂತು ಹೇಳು ಮಾರಾಯ್ತಿ, ಪಂಚಾಂಗ ಓದಬೇಡ," ಎಂದರು ಮೇಷ್ಟ್ರು.

"ನಿಮ್ಮ ಫೋನು ರಿಂಗ್ ಆಗದ ಹಾಗೆ ಇಟ್ಟಿದೆ, ಗೊತ್ತುಂಟಾ?"

ಅವರಿಗೆ ಗೊತ್ತಿರಲಿಲ್ಲ. ಮಗಳು ಫೋನೇ ಮಾಡುತ್ತಿಲ್ಲವೆಂದು ಎರಡು ದಿನದಿಂದ ಸಿಟ್ಟು ಮಾಡಿಕೊಂಡು ಕೂತಿದ್ದರಂತೆ.

ನನ್ನ ಈ ಅಭ್ಯಾಸ ಹುಟ್ಟಿದ್ದು ಸಿದ್ದಾಪುರದಲ್ಲಿ, ಹೋದ ಬೇಸಿಗೆಯ ಒಂದೇ ಒಂದು ದಿನದಲ್ಲಿ. ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿರುವುದು ಇಷ್ಟು: "ಭಾರತಿ ಮನೆ. ಕಂಪ್ಯೂಟರ್ ಕೆಲಸ ಆಯಿತು. ವಿಪರೀತ ಸೆಕೆ. ಅಪ್ಪೆಹುಳಿ ಚೆನ್ನಾಗಿತ್ತು." ಓದಿದರೆ ನನಗೆ ನಾಚಿಕೆಯಾಗುತ್ತದೆ. ಕಾಲೇಜಿನ ದಿನಗಳಿಂದ ಬರೆಯುತ್ತ ಬಂದವಳು ನಾನು. ಊಟದಲ್ಲಿ ಕುಡಿದ ಮಾವಿನಕಾಯಿಯ ಅಪ್ಪೆಹುಳಿಗೆ ಜಾಗ ಕೊಟ್ಟಿದ್ದೇನೆ, ಆ ಮಧ್ಯಾಹ್ನ ನನ್ನ ಅಂಗೈ ಬೆವರಿದ್ದಕ್ಕೆ ಒಂದು ಪದ ಕೊಟ್ಟಿಲ್ಲ. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ನೆನಪಿನಿಂದ. ನನ್ನ ನೆನಪನ್ನು ನಾನು ಅಷ್ಟೇನೂ ನಂಬುವುದಿಲ್ಲ. ಹಾಗಾಗಿ ನೀವೂ ಸ್ವಲ್ಪ ಹಿಡಿದು ನಂಬಿ.

ಭಾರತಿ ನನ್ನ ಗೆಳತಿ. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಅವಳ ಎರಡೂ ಕಣ್ಣು ಹೋದವು. ಈಗ ಸಿದ್ದಾಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಅವಳದು ತೋಟದ ಮನೆಗಳ ಮಾತು, ನನ್ನದು ಯಲ್ಲಾಪುರ ಪೇಟೆಯ ಮಾತು. ಇಷ್ಟು ವರ್ಷ ಜಗಳವಾಡಿದರೂ ಅವಳ ಮಾತು ನನಗೆ ಬರಲಿಲ್ಲ, ನನ್ನದು ಅವಳಿಗೆ ಅಂಟಲಿಲ್ಲ.

ಹಾಸ್ಟೆಲಿನ ವಿಷಯ ಬಂದಾಗ ನಮ್ಮಿಬ್ಬರ ನೆನಪುಗಳು ಎಂದೂ ಹೊಂದುವುದಿಲ್ಲ. ನಾವು ಹುಣಸೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಓದುತ್ತಿದ್ದೆವು ಎನ್ನುತ್ತೇನೆ ನಾನು. ಅಲ್ಲಿ ಮರವೇ ಇರಲಿಲ್ಲ ಎನ್ನುತ್ತಾಳೆ ಅವಳು. "ಮರ ಇದ್ರೆ ಎಲೆ ಸದ್ದು ಇರ್ತಿತ್ತು. ಅಲ್ಲಿ ಇದ್ದಿದ್ದು ತೊಟ್ಟಿಕ್ಕುವ ನಲ್ಲಿ ಒಂದೇಯ." ನನಗೆ ನಲ್ಲಿಯೇ ನೆನಪಿಲ್ಲ. ಒಮ್ಮೆ ಇಬ್ಬರೂ ಹೋಗಿ ನೋಡಿಕೊಂಡು ಬರೋಣವೆಂದುಕೊಂಡೆವು. ಹಾಸ್ಟೆಲು ಕೆಡವಿ ಹೊಸ ಕಟ್ಟಡ ಮಾಡಿದ್ದಾರೆಂದು ಗೊತ್ತಾಗಿ ಸುಮ್ಮನಾದೆವು. ಈಗ ಇಬ್ಬರೂ ಗೆದ್ದ ಹಾಗೆ.

ಆಗೆಲ್ಲ ಅವಳು ಏನು ಬರೆಯಬೇಕೆಂದರೂ ಇನ್ನೊಬ್ಬರಿಗೆ ಹೇಳಿ ಬರೆಸಬೇಕಿತ್ತು. ಪರೀಕ್ಷೆಗೆ ಒಬ್ಬ ಬರಹಗಾರ, ಮನೆಗೆ ಪತ್ರ ಬರೆಯಲು ನಾನು, ಆಮೇಲೆ ಗಂಡ. ಕಂಪ್ಯೂಟರು ಬಂದು, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಬಂದು, ಅದು ಕನ್ನಡವನ್ನೂ ಓದುವಂತಾದಾಗ ಅವಳು ನನಗೆ ಫೋನು ಮಾಡಿ ಹೇಳಿದ್ದೇನು ಗೊತ್ತೇ? "ಶೈಲೂ, ಇವತ್ತು ಆನು ಒಂದು ಸುಳ್ಳು ಬರದೆ. ಯಾರಿಗೂ ಗೊತ್ತಾತಿಲ್ಲೆ!"

ಆ ತಂತ್ರಾಂಶದ ದನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂಗು ಕಟ್ಟಿದ ಗಂಡಸೊಬ್ಬ ಡಬ್ಬದೊಳಗೆ ಕೂತು ಕನ್ನಡ ಓದುವಂತಿರುತ್ತದೆ. ಭಾರತಿ ಅದನ್ನು ಎಷ್ಟು ವೇಗಕ್ಕೆ ಏರಿಸಿ ಇಟ್ಟುಕೊಂಡಿದ್ದಳೆಂದರೆ ನಮ್ಮಂಥವರಿಗೆ ಅದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು. ಆದರೆ ಅವಳ ಅತ್ತೆ ಮಾದೇವಕ್ಕನಿಗೆ ಅಡುಗೆಮನೆಯಲ್ಲಿ ಕೂತೇ ಎಲ್ಲ ತಿಳಿಯುತ್ತಿತ್ತು. "ಭಾರತೀ, ನಿಂಗೆ ಯಾರೋ ಎಂತದೋ ಕಳ್ಸಿದ್ದ ನೋಡು," ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಗುಟ್ಟಿನ ಕೆಲಸವಿದ್ದರೆ ಭಾರತಿ ಕಿವಿಗೆ ಇಯರ್‌ಫೋನು ಹಾಕಿಕೊಳ್ಳಬೇಕಾಗಿದ್ದು ಈ ಕಾರಣಕ್ಕೆ.

ಹೋದ ಬೇಸಿಗೆಯಲ್ಲಿ ಅವಳಿಗೆ ಅಂಥ ಗುಟ್ಟಿನ ಕೆಲಸ ಬಂತು. ಪದವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆಯಬೇಕೆಂದು ವಿಶ್ವವಿದ್ಯಾಲಯದಿಂದ ಕರೆ. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ. ಅವಳಿಗಿಂತ ಕಿರಿಯರೆಲ್ಲ ತೆಗೆದಾಗಿತ್ತು. ಅವಳನ್ನು ಕೇಳದಿರುವುದಕ್ಕೆ ಯಾರೂ ಕಾರಣ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಪ್ರಶ್ನೆಪತ್ರಿಕೆಯನ್ನು ತೆಗೆಯುವವರ ಹೊರತು ಇನ್ನೊಬ್ಬರು ನೋಡುವಂತಿಲ್ಲ. ಕಣ್ಣಿಲ್ಲದವಳು ಇನ್ನೊಬ್ಬರಿಲ್ಲದೆ ಹೇಗೆ ಬರೆದಾಳು ಎಂಬುದು ಎಲ್ಲರ ಲೆಕ್ಕ. ಈ ಸಲ ಯಾರೋ ಒಬ್ಬರು, ಅವರು ಕಂಪ್ಯೂಟರಿನಲ್ಲಿ ಒಬ್ಬರೇ ಬರೆಯುತ್ತಾರಂತೆ ಎಂದು ಹೇಳಿ ಹೆಸರು ಹಾಕಿಸಿದ್ದರು.

ಅರ್ಧ ಬರೆಯುವಷ್ಟರಲ್ಲಿ ಲ್ಯಾಪ್‌ಟಾಪು ಕೈಕೊಡತೊಡಗಿತು. ಅದರೊಳಗಿದ್ದ ವಿಂಡೋಸ್ ಹಳೆಯದು, ಇನ್ನು ಅದಕ್ಕೆ ಹೊಸ ರಕ್ಷಣೆಯೂ ಬರುವುದಿಲ್ಲ ಎಂಬ ಸೂಚನೆ ಬೇರೆ. ದನಿ ಪದದ ನಡುವೆ ನಿಂತುಬಿಡುತ್ತಿತ್ತು. 'ವಿಜಯನಗ' ಎಂದು ಹೇಳಿ ಮೂಕವಾದರೆ ಮತ್ತೆ ಬಾಯಿ ಬಿಡಲು ಎಲೆಯಡಿಕೆಯ ಒಂದು ಕವಳ ಹಾಕಿ ಮುಗಿಸುವಷ್ಟು ಹೊತ್ತು ಬೇಕಿತ್ತು. ಹೊಸದು ಕೊಳ್ಳು ಎಂದರೆ ಅವಳು ಕೇಳುವುದಿಲ್ಲ. ಆ ಕೀಲಿಮಣೆ ಅವಳ ಬೆರಳಿಗೆ ಹೊಂದಿದ್ದು. ಯಾವ ಕೀಲಿ ಸ್ವಲ್ಪ ಸಡಿಲ, ಯಾವುದರ ಅಂಚು ಸವೆದಿದೆ ಎಂಬುದೆಲ್ಲ ಅವಳಿಗೆ ಪಾಠ. "ಮನೆ ಅದೇ ಇರವು, ಒಳಗಿನ ಸಂಸಾರ ಬದಲಾಗವು. ಹಂಗೆ ಎಂತಾರೂ ಇದ್ದಾ?" ಎಂದು ಕೇಳಿದಳು.

ಯಂತ್ರ ಅದೇ ಇರಬೇಕು, ಒಳಗಿನ ವ್ಯವಸ್ಥೆ ಬದಲಾಗಬೇಕು, ಅಷ್ಟೇ ತಾನೇ? ಇದ್ದೇ ಇದೆ ಎಂದೆ ನಾನು. ಆಗಷ್ಟೇ ನಾನು ನನ್ನ ಕಂಪ್ಯೂಟರನ್ನು ವಿಂಡೋಸಿನಿಂದ, ಪುಕ್ಕಟೆ ಸಿಗುವ ಲಿನಕ್ಸಿಗೆ ಬದಲಿಸಿ ವರ್ಷವಾಗಿತ್ತು. ಹೊಸದಾಗಿ ಮಠ ಸೇರಿದವರಿಗೆ ವಿಭೂತಿ ಜಾಸ್ತಿ ಎನ್ನುವ ಹಾಗೆ ನಾನು ಸಿಕ್ಕವರಿಗೆಲ್ಲ ಲಿನಕ್ಸಿನ ಮಹಿಮೆ ಹೇಳುತ್ತಿದ್ದೆ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು, ಪಕ್ಕದಲ್ಲಿದ್ದ ಅಪರಿಚಿತರಿಗೂ ಹೇಳಿದ್ದುಂಟು. ಅವರು ಎರಡನೇ ಸಲ ಸಾರು ಬರುವ ಮೊದಲೇ ಎದ್ದು ಹೋದರು. ಹಳೆಯ ಯಂತ್ರಕ್ಕೆ ಅದು ಹಗುರ, ಪರದೆ ಓದುವ ದನಿಯೂ ಅದರಲ್ಲಿ ಇದೆ ಎಂದು ಓದಿ ತಿಳಿದಿದ್ದೆ. ನಾನೇ ಬಂದು ಹಾಕಿಕೊಡುತ್ತೇನೆ ಎಂದೆ. ಪ್ರಶ್ನೆಪತ್ರಿಕೆ ಕಳಿಸಲು ಮರುದಿನ ಬೆಳಿಗ್ಗೆಯೇ ಕೊನೆ ಎಂದು ಆಗ ಅವಳು ಹೇಳಿದ್ದಳೇ, ಅಲ್ಲಿಗೆ ಹೋದ ಮೇಲೆ ಹೇಳಿದಳೇ? ನನಗೆ ಹೋದ ಮೇಲೆ ಎಂದು ನೆನಪು. ಅವಳು ಮೊದಲೇ ಹೇಳಿದ್ದೆ ಎನ್ನುತ್ತಾಳೆ. ಮೊದಲೇ ಗೊತ್ತಿದ್ದರೆ ಹೋಗುತ್ತಿದ್ದೆನೇ ಎಂದು ಕೇಳಿಕೊಂಡರೆ, ಹೋಗುತ್ತಿದ್ದೆ ಅನ್ನಿಸಿ ಇನ್ನಷ್ಟು ಭಯವಾಗುತ್ತದೆ.

ಯಲ್ಲಾಪುರದಿಂದ ಶಿರಸಿ, ಅಲ್ಲಿ ಬಸ್ಸು ಬದಲಿಸಿ ಸಿದ್ದಾಪುರ. ಮನೆ ಹೊಕ್ಕಕೂಡಲೇ ಮಾದೇವಕ್ಕ, "ಬಾ ಕೂಸೇ, ಆಸರಿಗೆ ಎಂತ ಕೊಡ್ಲಿ? ಮಜ್ಜಿಗೆನೋ, ಬೆಲ್ಲ ನೀರೋ?" ಎಂದರು. ಐವತ್ತು ದಾಟಿದ ನನ್ನನ್ನು ಕೂಸೇ ಎಂದು ಕರೆಯುವವರು ಈಗ ಅವರೊಬ್ಬರೇ. ಮಜ್ಜಿಗೆ ಕುಡಿದು ಕೆಲಸಕ್ಕೆ ಕೂತೆ. ಭಾರತಿಯ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟದ್ದಾಯಿತು. ಯಾವುದನ್ನೂ ತೆರೆಯಲಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆ.

ಮೊದಲ ಆಘಾತ ಮೌನ. ಹೊಸ ವ್ಯವಸ್ಥೆ ಹಾಕಿಕೊಳ್ಳುವ ಹೊತ್ತಿನಲ್ಲೂ ಮಾತಾಡುವಂಥವು ಇವೆಯಂತೆ. ನಾನು ತಂದದ್ದು ಮಾತಾಡಲಿಲ್ಲ. ನನಗೆ ಪರದೆಯ ಮೇಲೆ ಬಣ್ಣ ಬಣ್ಣದ ಚಿತ್ರ ಬಂತು. ಭಾರತಿಗೆ ಬಂದದ್ದು ಫ್ಯಾನಿನ ಸದ್ದು ಮಾತ್ರ.

"ಎಂತ ಆತೇ? ಸತ್ತು ಹೋತಾ?"

"ಇಲ್ಲ. ಸ್ವಾಗತ ಅಂತ ಬಂದಿದೆ."

"ಸ್ವಾಗತ ಹೇಳಲೆ ಬಾಯಿ ಬ್ಯಾಡ್ದಾ ಅದಕ್ಕೆ?"

ಒಳಗಿನಿಂದ ಮಾದೇವಕ್ಕ ಇಣುಕಿದರು. "ಎಂತ, ಅವಂದು ಇವತ್ತು ಮೌನವ್ರತನಾ?" ಅವರಿಗೆ ಆ ದನಿ ಯಾವಾಗಲೂ 'ಅವ'.

ನಾನು ಓದಿ ಹೇಳುತ್ತ ಹೋದೆ. ಭಾಷೆ ಆರಿಸಿ ಎಂದು ಬಂತು. ಜಗತ್ತಿನ ಎಷ್ಟೋ ಭಾಷೆಗಳ ಉದ್ದ ಸಾಲಿನ ನಡುವೆ ಕನ್ನಡ ಎಂಬ ಹೆಸರು ಕನ್ನಡದ ಅಕ್ಷರದಲ್ಲೇ ಕಂಡಾಗ ನನ್ನ ಎದೆ ಉಬ್ಬಿತು. "ಕನ್ನಡ ಇದೆ ಕಣೇ!" ಎಂದು ಕೂಗಿ ಅದನ್ನೇ ಒತ್ತಿದೆ. ಮುಂದಿನ ಪುಟದಲ್ಲೂ ಕನ್ನಡ ಎಂದು ಕಂಡಿತು, ಅದನ್ನೂ ಒತ್ತಿದೆ. ಅದು ಏನನ್ನು ಕೇಳುವ ಪುಟ ಎಂದು ಓದಿ ಹೇಳಿದೆನೇ? ಇಲ್ಲವೆಂದು ಈಗ ಅನ್ನಿಸುತ್ತದೆ. ಹಬ್ಬದ ಉತ್ಸಾಹದಲ್ಲಿದ್ದೆ.

ಆಮೇಲೆ ಬಂದದ್ದು, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹಾಕಲೇ ಎಂಬ ಪ್ರಶ್ನೆ. ಅದನ್ನು ಎರಡು ಸಲ ಓದಿದೆ. ಭಾರತಿ ಕೈಯನ್ನು ಲ್ಯಾಪ್‌ಟಾಪಿನ ಅಂಚಿನ ಮೇಲಿಟ್ಟಳು. "ಅಡ್ಡಿಲ್ಲೆ, ಒತ್ತು," ಎಂದಳು. ದನಿ ಗಟ್ಟಿಯಾಗಿತ್ತು. ಕೈ ತೆಗೆದಾಗ ಅಂಚಿನ ಮೇಲೆ ಬೆವರಿನ ಗುರುತಿತ್ತು.

ಪಾಸ್‌ವರ್ಡ್ ಕೊಡುವ ಜಾಗ ಬಂದಾಗ ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಅವಳು ಟೈಪು ಮಾಡಿದಳು, ಮತ್ತೊಮ್ಮೆ ಅದನ್ನೇ ಟೈಪು ಮಾಡಿದಳು. ನಾನು ಬಂದು ನೋಡಿದರೆ ಎರಡು ಸಾಲು ಚುಕ್ಕೆ, ಪಕ್ಕದಲ್ಲಿ ಸರಿ ಎಂಬ ಹಸಿರು ಗುರುತು. ಎರಡೂ ಹೊಂದಿವೆ ಎಂದೆ.

ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತದ್ದು, ಇನ್ವರ್ಟರಿನ ಆಧಾರವೊಂದೇ. ಕರೆಂಟು ಹೋದಾಗ ಆ ಮನೆಯಲ್ಲಿ ಮಾದೇವಕ್ಕನ ಕಾನೂನು ಜಾರಿಗೆ ಬರುತ್ತದೆ. ಬೇಡದ ದೀಪ, ಬೇಡದ ಫ್ಯಾನು, ಚಾರ್ಜಿಗಿಟ್ಟ ಫೋನು, ಎಲ್ಲವನ್ನೂ ಅವರು ಮನೆ ಸುತ್ತಿ ಆರಿಸಿ ಬರುತ್ತಾರೆ. ನಾನು ತಲೆಯೆತ್ತಿದಾಗ ಅವರ ಬೆರಳು ನಮ್ಮ ಸ್ವಿಚ್ಚಿನ ಮೇಲಿತ್ತು.

"ಮಾದೇವಕ್ಕಾ! ಮುಟ್ಟಬೇಡಿ!"

ಅವರು ಶಾಕ್ ಹೊಡೆದವರಂತೆ ಕೈ ಹಿಂದೆಗೆದರು. "ಎಂತಕ್ಕೆ ಹಂಗೆ ಕೂಗ್ತ್ಯೇ ಕೂಸೇ! ಅಂವ ಮಾತಾಡ್ತಿಲ್ಲೆ ಹೇಳಾದ್ಮೇಲೆ ಅವಂಗೆ ಕರೆಂಟು ಎಂತಕ್ಕೆ ಹೇಳಿ ಮಾಡ್ದೆ."

ಭಾರತಿ ನಕ್ಕಳು. ಆಮೇಲೆ ಸಂಜೆಯವರೆಗೆ ಅವಳು ನಗಲಿಲ್ಲ.

ಊಟವಾಯಿತು. ಅಪ್ಪೆಹುಳಿ ಚೆನ್ನಾಗಿತ್ತು, ಅದನ್ನು ದಿನಚರಿ ಹೇಳುತ್ತದೆ. ಕೈ ತೊಳೆದು ಬಂದು ನೋಡಿದರೆ ಕೆಲಸ ಮುಗಿದಿತ್ತು. ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಭಾರತಿಯ ಹೆಸರು, ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗ. ನಾನು ಮತ್ತೆ ಕಿಟಕಿಗೆ ಹೋದೆ. ಅವಳು ಟೈಪು ಮಾಡಿ ಎಂಟರ್ ಒತ್ತಿದ ಸದ್ದು ಕೇಳಿತು.

"ಒಳಗೆ ಹೋತಾ?"

ಹೋಗಿರಲಿಲ್ಲ. ಪಾಸ್‌ವರ್ಡ್ ತಪ್ಪು ಎಂದಿತ್ತು. ನಿಧಾನವಾಗಿ ಮತ್ತೆ ಹೊಡೆದಳು. ತಪ್ಪು. ಒಂದೊಂದೇ ಕೀಲಿಯನ್ನು ತಡವಿ, ಖಾತ್ರಿ ಮಾಡಿಕೊಂಡು ಹೊಡೆದಳು. ತಪ್ಪು. ಆ ಬೆರಳುಗಳು ತಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ತಪ್ಪಿದ್ದು ಎಲ್ಲಿ? ಮೊದಲಿನಿಂದ ಮತ್ತೆ ಹಾಕಬಹುದಿತ್ತು, ಆದರೆ ಯಾವ ತಪ್ಪೆಂದು ತಿಳಿಯದೆ ಹಾಕಿದರೆ ಅದೇ ತಪ್ಪು ಮತ್ತೆ ಬರುತ್ತದೆ. ಕರೆಂಟು ಇನ್ನೂ ಬಂದಿರಲಿಲ್ಲ, ಇನ್ವರ್ಟರು ಆಗಲೇ ಶಕ್ತಿ ಮುಗಿಯುತ್ತ ಬಂತೆಂದು ಕುಂಯ್ಗುಡತೊಡಗಿತ್ತು. ಹಳೆಯದನ್ನು ನಾನೇ ಅಳಿಸಿ ಹಾಕಿದ್ದೆ. ಕಾಲೇಜಿನ ಕಂಪ್ಯೂಟರು ಅವಳಿಗೆ ಮೂಕ. ಶಿರಸಿಯ ರಿಪೇರಿ ಅಂಗಡಿಗೆ ಒಯ್ಯೋಣವೆಂದರೆ ಅಂದು ಅದು ಮುಚ್ಚುವ ದಿನ.

ಆಗ ನಾನು ಆ ಮಾತು ಹೇಳಿದೆ. ಹೇಳಬಾರದಿತ್ತೋ ಏನೋ. "ಭಾರತೀ, ಉಳಿದ ಪ್ರಶ್ನೆ ನೀನು ಹೇಳು. ನನ್ನ ಫೋನಿನಲ್ಲಿ ನಾನು ಬರೆದು ಕೊಡುತ್ತೇನೆ. ನಾನು ಯಾರಿಗೆ ಹೇಳಲಿಕ್ಕುಂಟು? ಯಾರಿಗೂ ತಿಳಿಯುವುದಿಲ್ಲ."

ಅವಳು ಕೀಲಿಮಣೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. ಆಮೇಲೆ, "ನಿನ್ನ ಡೈರಿ ನೀ ಬಾಯಲ್ಲಿ ಹೇಳಿ ಯನ್ನ ಹತ್ರ ಬರೆಸ್ತ್ಯಾ?" ಎಂದು ಕೇಳಿದಳು.

ನಾನು ಫೋನನ್ನು ಚೀಲದೊಳಗೆ ಹಾಕಿದೆ.

"ಆಗ್ತಿಲ್ಲೆ ಹೇಳಿ ತಿಳಿಸ್ಬುಡ್ತೆ ಯುನಿವರ್ಸಿಟಿಯವ್ಕೆ. ಕಣ್ಣಿಲ್ದವಕ್ಕೆ ಕೊಟ್ರೆ ಹಿಂಗೇ ಹೇಳ್ತ, ಹೇಳ್ಲಿ. ಮುಂದೆ ಕೇಳ್ತ್ವಿಲ್ಲೆ, ಅಷ್ಟೇಯ. ಆದ್ರೆ ಬರೆಸ್ತಿಲ್ಲೆ."

ಮಾದೇವಕ್ಕ ಬಾಗಿಲಲ್ಲಿ ನಿಂತಿದ್ದರು. ಏನಾಗಿದೆಯೆಂದು ಅವರಿಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ಆದರೆ ಸೊಸೆಯ ದನಿ ತಿಳಿದಿರಬೇಕು. ಕವಳದ ತಟ್ಟೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು ಅಲ್ಲೇ ಕೂತರು. ಇವತ್ತಿಗೂ ಆ ಹೊತ್ತನ್ನು ನೆನೆದರೆ ನನಗೆ ಕೋಣೆ ಕಾಣುವುದಿಲ್ಲ. ಇನ್ವರ್ಟರಿನ ಕುಂಯ್ ಸದ್ದು ಕೇಳುತ್ತದೆ, ಅಷ್ಟೇ. ಭಾರತಿಯ ಜೊತೆ ಇದ್ದು ಇದ್ದು ನನ್ನ ನೆನಪೂ ಅವಳ ಹಾಗೆ ಆಗತೊಡಗಿದೆಯೋ, ಅಥವಾ ಅವಳ ಮುಖ ನೋಡಲಾಗದೆ ನಾನು ಕಣ್ಣು ಮುಚ್ಚಿಕೊಂಡಿದ್ದೆನೋ, ಹೇಳಲಾರೆ.

"ಶೈಲೂ," ಎಂದಳು ಅವಳು. "ಪರದೆ ಮೇಲೆ ಎಂತ ಇದ್ದು, ಓದು."

"ಹೇಳಿದೆನಲ್ಲ, ನಿನ್ನ ಹೆಸರು, ಕೆಳಗೆ ಪಾಸ್‌ವರ್ಡ್ ತಪ್ಪು..."

"ಅದು ನಿಂಗೆ ಬೇಕಾದ್ದು. ನೀ ಯಾವಾಗ್ಲೂ ಮುಖ್ಯ ಕಂಡಿದ್ದು ಮಾತ್ರ ಓದ್ತೆ. ಯಂಗೆ ಇದ್ದಿದ್ದೆಲ್ಲ ಬೇಕು. ಮೇಲಿಂದ ಓದು. ಮೂಲೆನೂ ಬಿಡಡ."

ನನಗೆ ಸ್ವಲ್ಪ ಸಿಟ್ಟೂ ಬಂತು. ಸಿಟ್ಟಿನಲ್ಲೇ ಓದಿದೆ. "ಹಿಂದೆ ಒಂದು ಬೆಟ್ಟದ ಚಿತ್ರ. ಮೇಲೆ ನಡುವೆ ದಿನ, ಸಮಯ. ಬಲಗಡೆ ಸ್ಪೀಕರಿನ ಚಿತ್ರ. ಅದರ ಪಕ್ಕ ಆರಿಸುವ ಗುಂಡಿ. ಈ ಕಡೆ ಸಣ್ಣದಾಗಿ ಇಂಗ್ಲಿಷಿನಲ್ಲಿ ಎರಡು ಅಕ್ಷರ, ಇ ಎನ್. ಕೆಳಗೆ..."

"ತಡಿ. ಇ ಎನ್ ಅಂದ್ರೆ ಎಂತ?"

"ಇಂಗ್ಲಿಷ್ ಇರಬೇಕು."

"ಎಂತದು ಇಂಗ್ಲಿಷ್? ಭಾಷೆ ಕನ್ನಡ ಹೇಳಿ ಕೂಗಿದ್ಯಲೇ ನೀನು."

"ಭಾಷೆ ಕನ್ನಡವೇ. ಎಲ್ಲ ಕನ್ನಡದಲ್ಲೇ ಬಂದಿದೆ. ಇದು..." ನಾನು ಆ ಅಕ್ಷರಗಳ ಮೇಲೆ ಒತ್ತಿದೆ. ಸಣ್ಣ ಚೌಕ ತೆರೆದುಕೊಂಡಿತು. ಇಂಗ್ಲಿಷ್, ಕನ್ನಡ. ಮೇಲೆ 'ಕೀಲಿಮಣೆ' ಎಂದು ಬರೆದಿತ್ತು. ಬೆಳಿಗ್ಗೆ ನಾನು ಹುರುಪಿನಲ್ಲಿ ಎರಡನೇ ಸಲ ಕನ್ನಡವೆಂದು ಒತ್ತಿದ ಪುಟ ಯಾವುದೆಂದು ಆಗ ಹೊಳೆಯಿತು.

ನಾನು ಹೇಳುವ ಮೊದಲೇ ಭಾರತಿ ಲೆಕ್ಕ ಹಾಕಿ ಮುಗಿಸಿದ್ದಳು. ಪಾಸ್‌ವರ್ಡ್ ಹಾಕುವಾಗ ಅವಳ ಬೆರಳು ಒತ್ತಿದ್ದು ಇಂಗ್ಲಿಷ್ ಎಂದು ತಿಳಿದು. ಚುಕ್ಕೆಗಳ ಅಡಿಯಲ್ಲಿ ಬಿದ್ದದ್ದು ಕನ್ನಡ ಅಕ್ಷರ. ಎರಡು ಸಲವೂ ಹಾಗೇ ಬಿದ್ದದ್ದರಿಂದ ಎರಡೂ ಹೊಂದಿದವು. ಈಗಿನ ಪುಟ ಅವೇ ಕೀಲಿಗಳನ್ನು ಇಂಗ್ಲಿಷಾಗಿ ಓದುತ್ತಿದ್ದರಿಂದ ತಪ್ಪು ಎನ್ನುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ಭಾಷೆ ಬದಲಾದಾಗೆಲ್ಲ ದನಿ ಹೇಳುತ್ತಿತ್ತು. ಇಲ್ಲಿ ಹೇಳಬೇಕಾದವಳು ನಾನಾಗಿದ್ದೆ.

"ಕನ್ನಡ ಮಾಡಿ ಆಚೆ ಹೋಗು," ಎಂದಳು.

ಮಾಡಿದೆ. ಕಿಟಕಿಗೆ ಹೋದೆ. ಹೊರಗೆ ಏನಿತ್ತೋ ನೋಡಲಿಲ್ಲ. ಬೆನ್ನ ಹಿಂದೆ ಕೀಲಿಗಳ ಸದ್ದು, ಎಂಟರ್, ಆಮೇಲೆ ಏನೂ ಇಲ್ಲ. ತಿರುಗಿದೆ. ಪರದೆ ಬದಲಾಗಿತ್ತು.

"ಹೋತು," ಎಂದೆ. ಅವಳ ಮಾತು ನನ್ನ ಬಾಯಲ್ಲಿ ಬಂದದ್ದು ಅದೊಂದೇ ಸಲ.

ಅಷ್ಟರಲ್ಲಿ ಕರೆಂಟೂ ಬಂತು. ದನಿಯನ್ನು ಹುಡುಕಿ ಚಾಲೂ ಮಾಡಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ನಾನು ಮೂಲೆಮೂಲೆಯನ್ನೂ ಓದಿದೆ, ಅವಳು ಯಾವುದನ್ನು ಒತ್ತಬೇಕೆಂದು ಹೇಳಿದಳು. ಕೊನೆಗೆ ಸ್ಪೀಕರು ಗಂಟಲು ಸರಿಮಾಡಿಕೊಂಡಂತೆ ಕರಕರ ಎಂದು, ಅದೇ ಮೂಗುಕಟ್ಟಿದ ಗಂಡಸಿನ ದನಿಯಲ್ಲಿ, ಎಮ್ಮೆ ಮೆಲುಕು ಹಾಕುವಷ್ಟು ನಿಧಾನವಾಗಿ ಕನ್ನಡ ನುಡಿಯಿತು.

ಮಾದೇವಕ್ಕ ಕವಳದ ತಟ್ಟೆ ಬಿಟ್ಟು ಎದ್ದರು. "ಅಂವನೇಯ! ಆದ್ರೆ ಜ್ವರ ಬಂದು ಎದ್ದಾಂಗೆ ಮಾತಾಡ್ತ ನೋಡು."

"ವೇಗ ಕಮ್ಮಿ ಇದ್ದು ಅತ್ತೆ," ಎಂದಳು ಭಾರತಿ. ಏರಿಸುತ್ತ ಏರಿಸುತ್ತ ಹೋದಳು. ಮಾತು ಮೊದಲು ಮನುಷ್ಯರದ್ದಾಯಿತು, ಆಮೇಲೆ ಹರಾಜು ಕೂಗುವವನದ್ದಾಯಿತು, ಕೊನೆಗೆ ಸಾಸಿವೆ ಸಿಡಿದಂತಾಗಿ ನನಗೆ ಏನೂ ತಿಳಿಯದಾಯಿತು. ಆಗ ಅವಳ ಹೆಗಲು ಕೆಳಗಿಳಿಯಿತು. ಕಡತಗಳನ್ನು ಮರಳಿ ಹಾಕಿಕೊಟ್ಟೆ. ಅರ್ಧ ಬರೆದ ಪ್ರಶ್ನೆಪತ್ರಿಕೆ ತೆರೆಯುತ್ತದೆಯೇ ಎಂದು ನೋಡಬೇಕಿತ್ತು. ನನ್ನ ಕೈ ಅತ್ತ ಹೋಯಿತು.

"ಶೈಲೂ, ನೀ ಇನ್ನು ಪರದೆ ಬೆಳಕು ಪೂರಾ ತೆಗೆದುಬುಡು."

ಬೆಳಕನ್ನು ಕೊನೆಯವರೆಗೆ ಇಳಿಸಿದೆ. ಪರದೆ ಕಪ್ಪಾಯಿತು. ನನ್ನ ಮುಖ ಅದರಲ್ಲಿ ಮಸುಕಾಗಿ ಕಂಡಿತು, ಬೇರೇನೂ ಕಾಣಲಿಲ್ಲ. ಅವಳು ಇಯರ್‌ಫೋನು ಹಾಕಿಕೊಂಡಳು. ಈಗ ಮಾದೇವಕ್ಕನೂ ನಾನೂ ಒಂದೇ.

ಅವಳು ಬರೆಯತೊಡಗಿದಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಏನಾದರೂ ತೊಂದರೆಯಾದರೆ ಬೇಕಾದೀತು ಎಂದು ಕೂತಿದ್ದೆನೇ, ಬೇಕಾಗಲಿ ಎಂದು ಕೂತಿದ್ದೆನೇ? ಬೆರಳುಗಳು ಓಡುತ್ತಿದ್ದವು, ನಿಲ್ಲುತ್ತಿದ್ದವು. ಒಮ್ಮೆ ಹಿಂದಕ್ಕೆ ಹೋಗಿ ಏನನ್ನೋ ಅಳಿಸಿದಳು. ಒಮ್ಮೆ ತಾನೇ ತಾನಾಗಿ ನಕ್ಕಳು.

"ಏನೇ?" ಎಂದೆ, ಅವಳ ಭುಜ ತಟ್ಟಿ.

ಇಯರ್‌ಫೋನನ್ನು ಒಂದು ಕಿವಿಯಿಂದ ಸರಿಸಿ, "ನಿಂಗೆ ಹೇಳಲಾಗ," ಎಂದಳು.

ಸಂಜೆಯ ಬಸ್ಸಿನ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸಿ, ಹೊರಡುತ್ತೇನೆ ಎಂದೆ. ಅವಳು ಬೆರಳು ನಿಲ್ಲಿಸದೆಯೇ ತಲೆಯಾಡಿಸಿದಳು. ನಾನು ಹೊಸ್ತಿಲು ದಾಟುವಾಗ ಮಾತ್ರ ಹಿಂದಿನಿಂದ ಕೂಗಿದಳು.

"ಹೋಪಕಾದ್ರೆ ಬಾಗ್ಲು ಹಾಕ್ಯಂಡು ಹೋಗೇ."

ಬಾಗಿಲು ಎಳೆದುಕೊಂಡೆ.